ಮನೆ ಮುಟ್ಟಿಸುವ ಮಾಳವ್ವ

ಧಾರವಾಡದ ಕೆಲಗೇರಿ ಕೆರೆಯ ಮೇಲಿನ ಮಂಜು ಇನ್ನೂ ಸರಿದಿಲ್ಲ. ಕೆರೆಗೆ ಬೆನ್ನು ಮಾಡಿ ನಿಂತ ಪುಟ್ಟ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಮಾಳವ್ವ ಚಹಾಕ್ಕೆ ನೀರಿಟ್ಟಿದ್ದಾರೆ. ಸಕ್ಕರೆ ಯಾವ ಡಬ್ಬಿಯಲ್ಲಿದೆ ಎಂದು ಒಂದೊಂದನ್ನೇ ತೆರೆದು ಮೂಸಿ ನೋಡುತ್ತಾರೆ. ಉಪ್ಪು ಸಿಗುತ್ತದೆ, ರವೆ ಸಿಗುತ್ತದೆ, ಕೊನೆಗೆ ಸಕ್ಕರೆಯೂ ಸಿಗುತ್ತದೆ. ಮನೆ ಅವರದಲ್ಲ. ಒಳಗೆ ಮಲಗಿರುವ ಗಾರ್ಗಿ ಅವರ ನೆಂಟರೂ ಅಲ್ಲ. ಇಬ್ಬರ ಪರಿಚಯವಾಗಿ ಇನ್ನೂ ಒಂದು ದಿನವಾಗಿಲ್ಲ.

ಗಾರ್ಗಿ ಕಾಲೇಜೊಂದರಲ್ಲಿ ಪಾಠ ಹೇಳುವ ಒಂಟಿ ಹೆಣ್ಣುಮಗಳು. ನಿನ್ನೆ ಹುಬ್ಬಳ್ಳಿಯಲ್ಲಿ ಅವರ ಬಲ ಮಣಿಕಟ್ಟಿನ ಆಪರೇಷನ್ ಆಗಿದೆ. ಪೂರಾ ಮೈಗೆ ಅರಿವಳಿಕೆ ಕೊಡದೆ, ಭುಜದ ಹತ್ತಿರ ಒಂದು ಇಂಜೆಕ್ಷನ್ ಕೊಟ್ಟು ಕೈಯನ್ನಷ್ಟೇ ಮಲಗಿಸಿದ್ದರು. ಗಾರ್ಗಿ ಸಂಜೆಯೇ ಮನೆಗೆ ಬಂದರು, ಕೈ ಮಾತ್ರ ಎದ್ದಿರಲಿಲ್ಲ. ಅದು ತಮ್ಮ ಮೈಕೆಳಗೆ ಸಿಕ್ಕರೂ ತಿಳಿಯದು, ಬಿಸಿ ಪಾತ್ರೆ ತಾಗಿದರೂ ತಿಳಿಯದು. ಅದಕ್ಕೇ ಮಾಳವ್ವ ಅದನ್ನು ದಿಂಬಿನ ಮೇಲಿಟ್ಟು, ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದರು.

ಈಗ ಅವರು ಚಮಚವೊಂದನ್ನು ತಣ್ಣೀರಿನಲ್ಲಿ ಅದ್ದಿ ಗಾರ್ಗಿಯ ಬೆರಳ ತುದಿಗೆ ಮುಟ್ಟಿಸುತ್ತಾರೆ.

“ಅಕ್ಕಾರ, ತಣ್ಣಗ ಹತ್ತತೈತೇನ್ರಿ?”

“ತಣ್ಣಗೇನೋ ಗೊತ್ತಾಗವಲ್ದು ಮಾಳವ್ವ. ಆದ್ರ ಇರುವಿ ಹರದ್ಹಾಂಗ ಆಗ್ಲಿಕತ್ತದ.”

“ಹಂಗಾರ ಕೈ ಮನಿಗೆ ಬಂತು ಬಿಡ್ರಿ. ಇನ್ನ ನೋವೂ ಬರತೈತಿ, ಅದರಕಿಂತ ಮೊದಲ ಈ ಗುಳಿಗಿ ತಗೊಂಬಿಡ್ರಿ. ಬರೇ ಹೊಟ್ಟ್ಯಾಗ ಬ್ಯಾಡ, ಬಿಸ್ಕೀಟು ಕೊಡ್ತೇನಿ.”

ಗಾರ್ಗಿ ಹೆಬ್ಬೆರಳನ್ನು ಒಂದಿಷ್ಟು ಅಲ್ಲಾಡಿಸಿ ನೋಡುತ್ತಾರೆ. ಅಲ್ಲಾಡುತ್ತದೆ. ಮಗುವಿಗೆ ಮೊದಲ ಹಲ್ಲು ಬಂದದ್ದನ್ನು ಕಂಡವರ ಹಾಗೆ ಇಬ್ಬರೂ ನಗುತ್ತಾರೆ.

ಹುಬ್ಬಳ್ಳಿಯ ದುರ್ಗದಬೈಲಿನಿಂದ ಕೂಗಳತೆಯ ದೂರದಲ್ಲಿರುವ ನರ್ಸಿಂಗ್ ಹೋಮೊಂದರಲ್ಲಿ ಮಾಳವ್ವ ಆಯಾ. ಆದರೆ ಅಲ್ಲಿನ ಯಾರನ್ನು ಕೇಳಿದರೂ ಅವರನ್ನು ಆಯಾ ಎನ್ನುವುದಿಲ್ಲ, “ಮನೀ ಮುಟ್ಟಸೂ ಮಾಳವ್ವ” ಎನ್ನುತ್ತಾರೆ. ಬೆಳಿಗ್ಗೆ ಆಪರೇಷನ್ ಮಾಡಿಸಿಕೊಂಡು ಸಂಜೆಗೆ ಹೊರಡುವ ರೋಗಿಗಳನ್ನು ಎಚ್ಚರಾಗುವಾಗ ನೋಡಿಕೊಳ್ಳುವುದು, ಆಟೋದಲ್ಲಿ ಕೂರಿಸಿಕೊಂಡು ಮನೆ ತಲುಪಿಸುವುದು, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬೆಳಗಾಗುವತನಕ ಜೊತೆಗಿರುವುದು ಅವರ ಕೆಲಸ. ಇಂಥದೊಂದು ಕೆಲಸ ಇದೆಯೆಂದು ಹತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಸ್ವತಃ ಮಾಳವ್ವನೇ ನಗುತ್ತಿದ್ದರು.

ಕಲಘಟಗಿ ಕಡೆಯ ಹಳ್ಳಿಯ ಅವರು ಮದುವೆಯಾಗಿ ಧಾರವಾಡದ ಲಕಮನಹಳ್ಳಿಗೆ ಬಂದವರು. ಗಂಡ ದುರಗಪ್ಪ ಅಲ್ಲಿನ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರ. ಮಾಳವ್ವ ತೊಂಬತ್ತೊಂದರಲ್ಲಿ ಹುಬ್ಬಳ್ಳಿಯ ಈ ನರ್ಸಿಂಗ್ ಹೋಮಿಗೆ ರಾತ್ರಿ ಪಾಳಿಯ ಆಯಾ ಆಗಿ ಸೇರಿದರು. ಆಗ ಆಪರೇಷನ್ ಎಂದರೆ ಮನೆಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಬರುವ ಕಾಲ. ಪಡಸಾಲೆಯಲ್ಲಿ ಸ್ಟೋವ್ ಹೊತ್ತಿಸಿ ಗಂಜಿ ಕಾಯಿಸುತ್ತಿದ್ದರು. ಈಥರಿನ ವಾಸನೆ ಗೋಡೆಗೂ ಹಿಡಿದಿರುತ್ತಿತ್ತು.

“ಆಪರೇಷನ್ ಆದವ್ರು ಕಣ್ಣ ತಗದ ಕೂಡ್ಲೇ ವಾಂತಿ ಮಾಡ್ಕೋತಿದ್ರು. ಒಂದ ಕೈಯಾಗ ಬೋಗುಣಿ, ಒಂದ ಕೈಯಾಗ ಅವರ ತಲಿ. ಬೆಳಗಾಗೂತನ ಅದ ಕೆಲಸ. ಮನಿಗೆ ಹೋದ್ರ ನಮ್ಮ ಹುಡುಗ ಕಲ್ಲೇಶ, ‘ಅವ್ವಾ, ನಿನ್ನ ಸೀರಿ ದವಾಖಾನಿ ನಾರತೈತಿ’ ಅಂತ ದೂರ ಓಡ್ತಿದ್ದ,” ಎಂದು ಮಾಳವ್ವ ನೆನೆಯುತ್ತಾರೆ.

ಎರಡು ಸಾವಿರದ ಇಸವಿಯ ಆಚೆಗೆ ಗಾಳಿ ಬದಲಾಯಿತು. ಅರಿವಳಿಕೆ ತಜ್ಞೆ ಡಾ. ನಿರುಪಮಾ ಪುಣೆಯಲ್ಲಿ ಕಲಿತು ಹುಬ್ಬಳ್ಳಿಗೆ ಬಂದರು. ಅವರ ಜೊತೆಗೆ ಹಾಲಿನ ಹಾಗೆ ಬೆಳ್ಳಗಿರುವ ಒಂದು ಔಷಧವೂ ಬಂತು. ಅದರ ಇಂಗ್ಲಿಷ್ ಹೆಸರು ನಾಲಗೆಗೆ ಹೊರಳದೆ ಆಯಾಗಳು ಅದನ್ನು ಹಾಲಿನ ಇಂಜೆಕ್ಷನ್ ಎಂದೇ ಕರೆದರು. ಅದನ್ನು ಕೊಟ್ಟರೆ ರೋಗಿ ಮಾತಾಡುತ್ತಿದ್ದಂತೆಯೇ ನಿದ್ದೆಗೆ ಜಾರುತ್ತಾನೆ, ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆಲ್ಲ ಎದ್ದು ಹಸಿವು ಎನ್ನುತ್ತಾನೆ. ವಾಂತಿ ತಡೆಯುವ ಹೊಸ ಮದ್ದು ಬಂತು. ಉಸಿರುನಾಳದೊಳಗೆ ಕೊಳವೆ ಇಳಿಸುವ ಬದಲು ಗಂಟಲಲ್ಲೇ ಕೂರುವ ಮೆತ್ತನೆಯ ಸಾಧನ ಬಂತು. ಹರ್ನಿಯಾ, ಗಂಟು, ಮುರಿದ ಬೆರಳು ಎಂದು ಬಂದವರು ಬೆಳಕಿರುವಾಗಲೇ ಮನೆ ಸೇರತೊಡಗಿದರು.

ಊರಿಗೆ ಅದು ಸಂತೋಷದ ಸುದ್ದಿ. ರಾತ್ರಿ ಪಾಳಿಯ ಆಯಾಗಳಿಗೆ ಅಲ್ಲ. ಹಾಸಿಗೆಗಳೇ ಖಾಲಿ ಉಳಿದರೆ ರಾತ್ರಿ ಯಾರನ್ನು ಕಾಯುವುದು? ಇಬ್ಬರು ಆಯಾಗಳು ಬೇರೆ ಕೆಲಸ ಹುಡುಕಿಕೊಂಡು ಹೋದರು. ಬರುವ ತಿಂಗಳಿಂದ ನಿನಗೂ ಪಾಳಿ ಇಲ್ಲ ಎಂದು ಮಾಲೀಕರು ಮಾಳವ್ವನಿಗೂ ಹೇಳಿಬಿಟ್ಟರು.

“ಸಿಟ್ಟೇನ ಬರಲಿಲ್ರಿ. ಮಂದಿ ಲಗೂ ಆರಾಮಾಗಿ ಮನಿಗೆ ಹೊಂಟಿದ್ರು, ಅದಕ್ಕ ಸಿಟ್ಟ ಹೆಂಗ ಮಾಡೂದು? ಆದ್ರ ಅಂಜಿಕಿ ಇತ್ತು. ನನಗ ಗೊತ್ತಿದ್ದ ಕೆಲಸ ಅದ ಒಂದ,” ಎನ್ನುತ್ತಾರೆ.

ಆ ಕೊನೆಯ ವಾರದಲ್ಲೇ ಏಕನಾಥ ಮಾಸ್ತರರು ಬಂದದ್ದು. ಧಾರವಾಡದ ಮಾಳಮಡ್ಡಿಯಲ್ಲಿ ಒಬ್ಬರೇ ಇರುವ, ನಿವೃತ್ತ ಗಣಿತದ ಮಾಸ್ತರರು. ಹರ್ನಿಯಾ ಆಪರೇಷನ್. ಮನೆಯಲ್ಲಿ ಜೊತೆಗೆ ಯಾರಾದರೂ ಇದ್ದರಷ್ಟೇ ಅದೇ ದಿನ ಕಳಿಸುವುದು ಎಂಬುದು ನಿರುಪಮಾ ಅವರ ಕಟ್ಟುನಿಟ್ಟು. ತಮ್ಮ ಅಕ್ಕನ ಮಗ ಅತುಲ ಮನೆಯಲ್ಲಿ ಕಾಯುತ್ತಿದ್ದಾನೆ ಎಂದು ಮಾಸ್ತರರು ಹೇಳಿದರು. ಅವರನ್ನು ಮನೆತನಕ ಬಿಟ್ಟು ಬಾ ಎಂದು ನಿರುಪಮಾ ಮಾಳವ್ವನನ್ನು ಜೊತೆಗೆ ಕಳಿಸಿದರು. ಶರೀಫಸಾಬರ ಆಟೋ ಮಾಳಮಡ್ಡಿಯ ಮನೆ ಮುಂದೆ ನಿಂತಾಗ ಇಳಿಹೊತ್ತು. ಬಾಗಿಲಿಗೆ ಬೀಗ.

“ಅತುಲ ಪುಣೆದಾಗ ಇದ್ದಾನ,” ಎಂದರು ಮಾಸ್ತರರು, ಕಿಸೆಯಿಂದ ಕೀಲಿಕೈ ತೆಗೆಯುತ್ತ. “ಖರೇ ಹೇಳಿದ್ರ ಆಪರೇಷನ್ ಮುಂದ ಹಾಕ್ತಿದ್ರು. ನನಗೇನಾಗೇದ? ನೀವು ಹೊರಡ್ರಿನ್ನ.”

ನೋಡಿದರೆ ಅವರಿಗೆ ಏನೂ ಆಗಿರಲಿಲ್ಲ. ಮೆಟ್ಟಿಲನ್ನು ತಾವೇ ಹತ್ತಿದರು, ಬೀಗವನ್ನು ತಾವೇ ತೆಗೆದರು. ಚಿಲಕ ಹಾಕದೆ ಬಾಗಿಲನ್ನಷ್ಟೇ ಮುಂದೆ ಮಾಡಿಕೊಂಡು ಒಳಗೆ ಹೋದರು. ಮಾಳವ್ವನಿಗೆ ಮಾತ್ರ ಕಾಲು ಕೀಳಲಾಗಲಿಲ್ಲ. ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತು ಹೋಗೋಣ ಎಂದು ಶರೀಫಸಾಬರಿಗೆ ಹೇಳಿದರು. ಅವರು ಆಟೋ ಬಂದ್ ಮಾಡಿ ಬೇವಿನ ಗಿಡದ ನೆರಳಿಗೆ ನಿಂತರು.

ಒಳಗೆ ಮಾಸ್ತರರು ಚಹಾ ಮಾಡಲೆಂದು ಒಲೆಯ ಮೇಲೆ ಹಾಲಿಟ್ಟು, ಉಕ್ಕುವತನಕ ಕೂತಿರೋಣ ಎಂದು ಕುರ್ಚಿಗೆ ಒರಗಿದರು. ಔಷಧದ ಜೋಂಪು ಇನ್ನೂ ಮೈಯಲ್ಲೇ ಇತ್ತು. ಕಣ್ಣು ಹತ್ತಿತು. ಹಾಲು ಉಕ್ಕಿ ಬೆಂಕಿ ನಂದಿತು. ಗ್ಯಾಸ್ ಹೊರಬರುತ್ತಲೇ ಇತ್ತು.

ಕಟ್ಟೆಯ ಮೇಲೆ ಕೂತಿದ್ದ ಮಾಳವ್ವನ ಮೂಗಿಗೆ ವಾಸನೆ ಬಡಿಯಿತು. ಬಾಗಿಲು ದೂಡಿದರೆ ತೆರೆಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ಕಾಲು ತಡೆಯಿತು ಎಂಬುದನ್ನು ಅವರು ಮುಚ್ಚಿಡುವುದಿಲ್ಲ. ಅಂಥ ಮೇಲ್ಜಾತಿಯವರ ಮನೆಗಳಲ್ಲಿ ತಮ್ಮಂಥವರು ಎಲ್ಲಿಯತನಕ ಹೋಗಬಹುದು ಎಂಬುದನ್ನು ಚಿಕ್ಕಂದಿನಿಂದ ಕಲಿತ ಕಾಲು ಅದು. ಆದರೂ ಒಳಹೊಕ್ಕು ಗ್ಯಾಸ್ ಬಂದ್ ಮಾಡಿ, ಕಿಟಕಿ ತೆರೆದು, ಶರೀಫಸಾಬರನ್ನು ಕೂಗಿದರು. ಇಬ್ಬರೂ ಸೇರಿ ಮಾಸ್ತರರನ್ನು ಕುರ್ಚಿಸಮೇತ ಅಂಗಳಕ್ಕೆ ತಂದರು. ಗಾಳಿ ತಾಗಿ ಮಾಸ್ತರರು ಕಣ್ಣು ಬಿಟ್ಟರು.

“ಹಾಲು ಉಕ್ಕಿತೇನು?” ಎಂದು ಕೇಳಿದರು.

ಈ ಮಾತು ಬಂದಾಗಲೆಲ್ಲ ಮಾಳವ್ವ ಸೆರಗು ಬಾಯಿಗೆ ಹಿಡಿದು ನಗುತ್ತಾರೆ. “ಅವತ್ತ ನಗೂ ಬರಲಿಲ್ರಿ. ಶರೀಫಣ್ಣ ಅಂತೂ ಕಾಂಪೌಂಡಿಗೆ ಆತು ನಿಂತಬಿಟ್ಟಿದ್ದ.”

ಆ ರಾತ್ರಿ ಇಬ್ಬರೂ ಹಿಂದಿರುಗಲಿಲ್ಲ. ಶರೀಫಸಾಬರು ಕಟ್ಟೆಯ ಮೇಲೆ, ಮಾಳವ್ವ ಪಡಸಾಲೆಯಲ್ಲಿ. ಮಲಗುವ ಮುಂಚೆ ಚಹಾ ಮಾಡಲು ಮಾಸ್ತರರೇ ಮಾಳವ್ವನನ್ನು ಅಡುಗೆಮನೆಗೆ ಕಳಿಸಿದರು. ಚಹಾದ ಕಪ್ಪನ್ನು ಕೈಗೆ ತೆಗೆದುಕೊಂಡು ಅದನ್ನೇ ನೋಡಿದರು. “ನಮ್ಮ ಅವ್ವ ಇದ್ದಿದ್ರ ನನ್ನೂ ನಿನ್ನೂ ಇಬ್ಬರನೂ ಹೊರಗ ಹಾಕ್ತಿದ್ಲು,” ಎಂದರು. ಒಂದು ಗುಟುಕು ಕುಡಿದರು. “ನಾಳೆ ಶುಂಠಿ ಒಂದಿಷ್ಟು ಜಾಸ್ತಿ ಹಾಕು.”

ಮರುದಿನ ಮಾಸ್ತರರೇ ನಿರುಪಮಾ ಅವರಿಗೆ ಫೋನು ಮಾಡಿ ನಡೆದದ್ದನ್ನು, ತಾವು ಹೇಳಿದ ಸುಳ್ಳನ್ನೂ ಸೇರಿಸಿ, ಹೇಳಿದರು. ನಿರುಪಮಾ ಅವರು ಮಾಲೀಕರೆದುರು ಹೋಗಿ ಕೂತರು. ರೋಗಿಗಳನ್ನು ಅದೇ ದಿನ ಮನೆಗೆ ಕಳಿಸುವುದು ಬೇಕೆಂದರೆ ಮನೆತನಕ ಹೋಗುವ ಒಬ್ಬರು ಬೇಕೇ ಬೇಕು, ಇಲ್ಲದಿದ್ದರೆ ಹಳೆಯ ಹಾಗೆ ಹಾಸಿಗೆ ಹಾಸೋಣ ಎಂದರು. ಮಾಲೀಕರು ಒಪ್ಪಿದರು. ಮಾಳವ್ವನ ಕೆಲಸ ಉಳಿಯಿತು. ಅವರು ಕಾಯುವ ರಾತ್ರಿಗಳು ಮಾತ್ರ ನರ್ಸಿಂಗ್ ಹೋಮಿನಿಂದ ಹೊರಟು ಊರ ತುಂಬ ಹರಡಿಕೊಂಡವು.

“ಈಗಿನ ಔಷಧ ಭಾಳ ಛಲೋ ಅವ,” ಎನ್ನುತ್ತಾರೆ ನಿರುಪಮಾ. “ಪೇಶಂಟ್ ಲಗೂ ಏಳ್ತಾರ, ನಗ್ತಾರ, ಗಾಡಿ ಹೊಡೀಲಿಕ್ಕೂ ತಯಾರು. ತಮಗ ಇನ್ನೂ ಪೂರಾ ಸರಿ ಆಗಿಲ್ಲ ಅನ್ನೋದು ಅವರಿಗೇ ಗೊತ್ತಿರೂದಿಲ್ಲ. ಆ ದಿನ ನಾ ಅತುಲನ್ನ ಕಣ್ಣಾರೆ ನೋಡಿ ಕಳಸಬೇಕಿತ್ತು. ಈಗ ಮಾಳವ್ವ ಹೋಗ್ತಾಳಂದ್ರ ನನಗ ನಿದ್ದಿ ಬರ್ತದ.”

ಯಾವಾಗ ಫೋನು ಮಾಡಬೇಕು ಎಂಬುದನ್ನು ನಿರುಪಮಾ ಅವರೇ ಕೂರಿಸಿಕೊಂಡು ಕಲಿಸಿದ್ದಾರೆ: ವಾಂತಿ ನಿಲ್ಲದಿದ್ದರೆ, ಗಾಯದ ಪಟ್ಟಿ ರಕ್ತದಿಂದ ತೊಯ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ. ನರ್ಸಿಂಗ್ ಹೋಮಿನವರು ಒಂದು ಮೊಬೈಲ್ ಕೊಟ್ಟಿದ್ದಾರೆ. ಒಮ್ಮೆ ಪಟ್ಟಿ ತೊಯ್ದದ್ದನ್ನು ಕಂಡು, ನವನಗರದ ಹೆಣ್ಣುಮಗಳೊಬ್ಬಳನ್ನು ಅದೇ ಆಟೋದಲ್ಲಿ ಹಿಂದಕ್ಕೆ ಕರೆತಂದದ್ದೂ ಇದೆ. ಒಂದು ಹೊಲಿಗೆ ಹಾಕಿಸಿಕೊಂಡು ಆಕೆ ಮತ್ತೆ ಮನೆಗೆ ಹೋದಳು.

ಮೊದಮೊದಲು ಲಕಮನಹಳ್ಳಿಯ ಓಣಿಯಲ್ಲಿ ಮಾತು ಎದ್ದಿತ್ತು. ಕಂಡವರ ಮನೆಯಲ್ಲಿ ಮಲಗಿ ಬರುವ ಕೆಲಸ ಎಂಥದ್ದು ಎಂದು ನಲ್ಲಿಯ ಹತ್ತಿರ ಹೆಂಗಸರು ಆಡಿಕೊಂಡರು. ಅದು ದುರಗಪ್ಪನ ಕಿವಿಗೂ ಬಿತ್ತು. ಅವರು ಕೊಡ ಹಿಡಿದು ನೇರ ನಲ್ಲಿಗೇ ಹೋದರು.

“ನಾ ಮಂದಿ ಕಬ್ಬಿಣ ಕಾಯಾಕ ಹೋಗ್ತೇನಿ, ಅಕಿ ಮಂದಿ ಜೀವ ಕಾಯಾಕ ಹೋಗ್ತಾಳ. ಕಬ್ಬಿಣ ಕಾಯಾಂವಗ ಯಾರೂ ಏನೂ ಅನ್ನಂಗಿಲ್ಲ,” ಎಂದಷ್ಟೇ ಹೇಳಿ ಕೊಡ ತುಂಬಿಸಿಕೊಂಡು ಬಂದರು. ಆಮೇಲೆ ಮಾತು ನಿಂತಿತು. ಹಾಗೆ ಆಡಿಕೊಂಡವರಲ್ಲಿ ಒಬ್ಬರಾದ ಲಕ್ಷ್ಮೀಬಾಯಿಯ ಸೊಸೆಯನ್ನು ಕಳೆದ ವರ್ಷ ಮಾಳವ್ವನೇ ಮನೆ ಮುಟ್ಟಿಸಿದರು.

ವಾರದಲ್ಲಿ ಎರಡು ಮೂರು ರಾತ್ರಿ ಹೊರಗೆ, ಉಳಿದ ದಿನ ಬರೀ ಹಗಲಿನ ಕೆಲಸ. ಹಬ್ಬದ ದಿನ ಮನೆಯಲ್ಲಿರಲು ಎಷ್ಟೋ ಸಲ ಆಗುವುದಿಲ್ಲ, ಬೆನ್ನು ಆಗಾಗ ನೋಯುತ್ತದೆ. ಆದರೆ ಮಾಳವ್ವನ ಮಾತು ಅತ್ತ ಹೊರಳುವುದು ಕಡಿಮೆ. ಯಾರ ಮನೆಯ ಶೇಂಗಾ ಹಿಂಡಿ ರೊಟ್ಟಿಗೆ ರುಚಿ, ಯಾರ ಅಂಗಳದಲ್ಲಿ ಮಲ್ಲಿಗೆ ಹೆಚ್ಚು, ಯಾರ ಬೆಕ್ಕು ಚಾಪೆಯಲ್ಲಿ ಪಾಲು ಕೇಳುತ್ತದೆ ಎಂದು ಹೇಳತೊಡಗಿದರೆ ನಿಲ್ಲುವುದೇ ಇಲ್ಲ. ಎಚ್ಚರಾಗುವವರ ಮಾತುಗಳು ಇನ್ನೊಂದು ಕಣಜ. ದುರ್ಗದಬೈಲಿನ ಅರಿವೆ ವ್ಯಾಪಾರಿ ಶಾಂತಯ್ಯ ಕಣ್ಣು ಬಿಟ್ಟವರೇ ಹೊದ್ದ ಚಾದರವನ್ನು ಮಾಳವ್ವನ ಮುಂದೆ ಬಿಡಿಸಿ ಹಿಡಿದು, “ಒಗದ್ರ ಬಣ್ಣ ಹೋಗಂಗಿಲ್ಲ, ಕಣ್ಣ ಮುಚ್ಚಿ ಒಯ್ರಿ” ಎಂದರಂತೆ. “ನಾನೂ ಸುಮ್ಮನ ಇರಲಿಲ್ರಿ. ಬ್ಯಾರೆ ಬಣ್ಣದಾಗ ತೋರಸ್ರಿ ಅಂದ್ನಿ. ಮಾತಾಡ್ಕೊಂತ ಇದ್ರ ಲಗೂ ತಿಳಿಯಾಗ್ತಾರ.”

ಆದರೆ ಅವರಲ್ಲಿ ಬಹಳ ಮಂದಿಗೆ ಇದ್ಯಾವುದೂ ನೆನಪಿರುವುದಿಲ್ಲ. ಅಂಜಿಕೆ ಕಳೆಯಲೆಂದು ಮೊದಲು ಕೊಡುವ ಮದ್ದು ಆ ಹೊತ್ತಿನ ನೆನಪನ್ನೂ ಅಳಿಸಿಬಿಡುತ್ತದೆ. ಹೀಗಾಗಿ ಮಾಳವ್ವ ಕೈ ಹಿಡಿದು ಕೂತದ್ದನ್ನು ಮರೆತವರು ಈ ಊರಲ್ಲಿ ಸಾಕಷ್ಟಿದ್ದಾರೆ. ಆ ಮಂಪರಿನಲ್ಲಿ ಅವರು ಆಡಿದ ಮನೆಯ ಕಷ್ಟಸುಖವನ್ನು ಮಾಳವ್ವ ಯಾರಿಗೂ ಹೇಳುವುದಿಲ್ಲ.

ಗಾರ್ಗಿಯ ಮನೆಯಿಂದ ಹೊರಟ ಮಾಳವ್ವ ಸಂಜೆ ದುರ್ಗದಬೈಲಿನಲ್ಲಿದ್ದಾರೆ. ನೆರೆಯ ಹುಡುಗಿಯ ಸೀಮಂತಕ್ಕೆ ಬಳೆ ಬೇಕು. ಮಾಬೂಬಿಯ ಬಳೆ ಅಂಗಡಿಯ ಮುಂದೆ ಹೆಂಗಸರ ಗುಂಪು. ಅವರ ನಡುವೆ ಕೂತು ಕೈ ಮುಂದೆ ಮಾಡಿರುವವಳ ಹೆಸರು ಇಂದು. ಎರಡು ತಿಂಗಳ ಹಿಂದೆ ಎದೆಯ ಗಂಟು ತೆಗೆಸಿಕೊಂಡ ಹುಡುಗಿ. ಗಂಟು ಕೆಟ್ಟದ್ದಲ್ಲ ಎಂಬ ವರದಿ ಬಂದದ್ದು ಆಮೇಲೆ. ಅವತ್ತು ಮಾತ್ರ ಎಚ್ಚರಾಗುತ್ತ ಮಾಳವ್ವನ ಕೈ ಹಿಡಿದು ಅತ್ತವಳು, ಮನೆಯ ಅಂಗಳದಲ್ಲಿ ಅತ್ತೆಯ ಕೈಗೆ ಒಪ್ಪಿಸುವತನಕ ಬಿಟ್ಟಿರಲಿಲ್ಲ.

ಆಕೆ ತಲೆಯೆತ್ತಿ ನೋಡುತ್ತಾಳೆ. “ಅಕ್ಕಾರ, ಸ್ವಲ್ಪ ಸರೀರಿ, ಬೆಳಕ ಬೀಳವಲ್ದು,” ಎನ್ನುತ್ತಾಳೆ. ಮಾಳವ್ವ ಸರಿದು ನಿಲ್ಲುತ್ತಾರೆ. ಬಳೆ ಇಡಿಸಿಕೊಂಡು ಆಕೆ ನಗುತ್ತ ಜನರ ನಡುವೆ ಹೋಗುತ್ತಾಳೆ.

ಗುರುತು ಹಿಡಿಯಲಿಲ್ಲವಲ್ಲ, ಬೇಸರವಾಗಲಿಲ್ಲವೇ ಎಂದು ಕೇಳಿದರೆ ಮಾಳವ್ವನಿಗೆ ಪ್ರಶ್ನೆಯೇ ಸರಿಯಾಗಿ ತಿಳಿಯುವುದಿಲ್ಲ.

“ಬ್ಯಾಸರ ಯಾಕ್ರಿ? ಅವತ್ತ ಅಕಿ ಹಿಡದ ಹಿಡತಕ್ಕ ನನ್ನ ಕೈಯಾಗ ಉಗುರ ನಟ್ಟಿದ್ವು. ಇವತ್ತ ಅದ ಕೈ ತುಂಬ ಹಸರ ಬಳಿ ಇಡಿಸ್ಕೊಂಡಾಳ. ನಾ ಅದನ್ನ ನೋಡ್ಕೊಂತ ನಿಂತಿದ್ನಿ. ಭಾಳ ಒಪ್ಪತಾವ್ರಿ ಅಕಿಗೆ.”