ಬಾವಿ ಪಾಲಾದ ದೀಪಗಳು

ಜಯನಗರದಲ್ಲಿ ಮನೆಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಬೆಳಗಿನಿಂದ ಸಂಜೆಯವರೆಗೂ ಚಪ್ಪಡಿ ಕಲ್ಲಿನ ಗಾಡಿಗಳ ಓಡಾಟ. ಅಂಥದೊಂದು ಎತ್ತಿನಗಾಡಿ ಸೌತ್ ಎಂಡ್ ಹತ್ತಿರ ಗಕ್ಕನೆ ನಿಂತಿತು. ಹಿಂದೆಯೇ ಬರುತ್ತಿದ್ದ ಅಪ್ಪನ ಟ್ಯಾಕ್ಸಿ ಹೋಗಿ, ಹೊರಚಾಚಿದ್ದ ಚಪ್ಪಡಿಗಳಿಗೆ ಗುದ್ದಿತು. ಅಪ್ಪನ ಹಣೆ ಊದಿಕೊಂಡಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಕಾರಿನ ಮೂತಿ ಮಾತ್ರ ಜಜ್ಜಿಹೋಗಿ, ಎರಡೂ ದೀಪ, ಮುಂದಿನ ಜಾಲರಿ ಕಿತ್ತುಬಂದಿದ್ದವು. ಅವನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ, ಕಾರನ್ನು ತಳ್ಳಿಸಿಕೊಂಡು ಅಪ್ಪ ಮನೆಗೆ ಬಂದರು.

ಪುಣ್ಯಕ್ಕೆ ಕಾರಿಗೆ ವಿಮೆ ಇತ್ತು. ಸರ್ವೇಯರ್ ಬಂದು ನೋಡುವವರೆಗೆ ಏನನ್ನೂ ಮುಟ್ಟಬೇಡಿ ಎಂದು ಕಂಪನಿಯವರು ಹೇಳಿದ್ದರು. ಅಪ್ಪ ಅದನ್ನು ಅಮ್ಮನಿಗೆ ಹೇಳಿದರು, ನನಗೂ ಹೇಳಿದರು, ಅಜ್ಜಿಗೆ ಹೇಳಲಿಲ್ಲ. ಮನೆಯಲ್ಲಿ ಒಡೆದ ಗಾಜಿದ್ದರೆ ಅಜ್ಜಿಗೆ ಊಟ ಸೇರುತ್ತಿರಲಿಲ್ಲ. ಸಾಲದ್ದಕ್ಕೆ ಮರುದಿನ ಅಮಾವಾಸ್ಯೆ. ಬೆಳಗಾಗುತ್ತಲೇ ಚೀಲವನ್ನು ಎಳೆದುಕೊಂಡು ಹೋಗಿ ಖಾಲಿ ಸೈಟುಗಳಾಚೆಯ ಹಾಳುಬಾವಿಗೆ ಹಾಕಿದಳು. ವಾಪಸು ಬಂದು, ಬೂದುಗುಂಬಳಕಾಯಿಗೆ ಕುಂಕುಮ ತುಂಬಿ, ಕಾರಿನ ಮುಂದೆ ಒಡೆದು ದೃಷ್ಟಿ ತೆಗೆದಳು.

ಅಂದೇ ಮಧ್ಯಾಹ್ನ ಸರ್ವೇಯರ್ ಬಂದರು. ಸೈಕಲ್ಲಿನಿಂದ ಇಳಿಯುವ ಮೊದಲೇ ನೆಲದ ಮೇಲಿನ ಕೆಂಪು ನೋಡಿ, "ಅಯ್ಯೋ, ಯಾರಿಗ್ರೀ ಪೆಟ್ಟಾಯ್ತು?" ಎಂದು ಹೌಹಾರಿದರು. ಕುಂಬಳಕಾಯಿ ಎಂದು ತಿಳಿದು ಜೋರಾಗಿ ನಕ್ಕರು. ಆದರೆ ಚೀಲದ ಕಥೆ ಕೇಳಿದಾಗ ಮುಖ ಗಂಟಾಯಿತು.

"ತಗಡು ಬಡಿಸೋ ಖರ್ಚು ಬರ್ಕೊಡ್ತೀನಿ. ದೀಪ, ಜಾಲರಿ ನಾನು ನೋಡೇ ಇಲ್ವಲ್ಲ? ಬಿಚ್ಚಿ ಮಾರ್ಕೊಂಡಿದ್ದಾರೆ ಅಂತಾರೆ ಆಫೀಸಲ್ಲಿ."

ದೀಪವಿಲ್ಲದೆ ರಾತ್ರಿ ಬಾಡಿಗೆ ಇಲ್ಲ. ರೈಲ್ವೆ ಸ್ಟೇಷನ್ನಿನ ರಾತ್ರಿ ಬಾಡಿಗೆಯಿಂದಲೇ ನಮ್ಮ ಒಲೆ ಉರಿಯುತ್ತಿದ್ದದ್ದು, ನನ್ನ ಕಾಲೇಜು ನಡೆಯುತ್ತಿದ್ದದ್ದು. ನನಗೆ ಮೂಗಿನ ತುದಿಯಲ್ಲೇ ಕೋಪ. ಅಜ್ಜಿಯನ್ನು ನುಂಗುವಂತೆ ನೋಡಿದೆ.

ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಎಸೆದೋಳು ನಾನು ಸ್ವಾಮಿ, ನನ್ ಮಗ ಅಲ್ಲ. ಬನ್ನಿ, ಬಾವಿ ತೋರಿಸ್ತೀನಿ."

ಪಾಪ, ಆ ಮನುಷ್ಯ ಬಿಸಿಲಲ್ಲಿ ಅವಳ ಹಿಂದೆ ನಡೆದರು, ನಾವೂ ನಡೆದೆವು. ಬಾವಿಯೊಳಗೆ ಹಸಿರು ಪಾಚಿ ಬಿಟ್ಟು ಏನೂ ಕಾಣಲಿಲ್ಲ. ಅಷ್ಟಕ್ಕೇ ಸುಮ್ಮನಾಗುವವಳೇ ಅಜ್ಜಿ?

"ಜಾಲರಿ, ಬಲಗಡೆ ದೀಪ ನಿನ್ನೆ ಹೋಗಿದ್ದು. ಎಡಗಡೇದು ಮಾತ್ರ ಆಯುಧಪೂಜೆಗೆ ಮುಂಚೇನೇ ಕೆಟ್ಟಿತ್ತು. ಅದನ್ನ ಬರೀಬೇಡಿ. ನಿಮ್ ಕೆಲಸಕ್ಕೆ ಕುತ್ತು ಬಂದೀತು."

ಅಪ್ಪ ಕಣ್ಣು ಮುಚ್ಚಿಕೊಂಡರು. ಅಜ್ಜಿ ಹೇಳಿದ್ದು ನಿಜವೇ, ಆದರೆ ಕೇಳಿದ್ದು ಯಾರು? ನನಗಂತೂ ಅಳುವೇ ಬಂತು. ಸರ್ವೇಯರ್ ಬಾವಿಯನ್ನೂ ಅಜ್ಜಿಯನ್ನೂ ನೋಡಿ, ಜೇಬಿನಿಂದ ಪೆನ್ನು ತೆಗೆದರು.

"ಆಯ್ತಜ್ಜಿ. ನೀವು ಹೇಳಿದ ಹಾಗೇ ಬರೀತೀನಿ. ಆಫೀಸಲ್ಲಿ ಕೇಳಿದ್ರೆ ನಾನು ಮಾತಾಡ್ತೀನಿ."

ಮಾತಾಡಿರಬೇಕು. ಎಡಗಡೆ ದೀಪವೊಂದನ್ನು ಬಿಟ್ಟು ಎಲ್ಲದಕ್ಕೂ ಹಣ ಬಂತು. ಆ ಜಾಗಕ್ಕೆ ಅಪ್ಪ ಕಲಾಸಿಪಾಳ್ಯದ ಗುಜರಿಯಿಂದ ಹಳೆಯದೊಂದನ್ನು ತಂದು ಹಾಕಿಸಿದರು. ಅದು ಮಂಕಾಗಿ, ಹಳದಿಗೆ ಉರಿಯುತ್ತಿತ್ತು. ಆಮೇಲೆ ಅಜ್ಜಿಯ ಕಣ್ಣು ಮಸುಕಾಗುತ್ತ ಬಂತು. ಆದರೂ ಕತ್ತಲಾದ ಮೇಲೆ ಜಗಲಿಯಲ್ಲಿ ಕೂತು, ರಸ್ತೆಯ ಕೊನೆಯಲ್ಲಿ ಒಂದು ಬಿಳಿ, ಒಂದು ಹಳದಿ ಬೆಳಕು ಕಂಡ ತಕ್ಷಣ, "ಬಂದ ಕಣೇ, ಸಾರು ಬಿಸಿಗಿಡು" ಎಂದು ಒಳಗೆ ಕೂಗುತ್ತಿದ್ದಳು.

ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಅಮ್ಮ ಹೇಳಿದಳು: "ಆ ಎಡಗಡೆ ದೀಪ ಹೊಸದು ಹಾಕಿಸಬಾರದೇನ್ರೀ?"

"ಬೇಡ ಬಿಡು," ಎಂದರು ಅಪ್ಪ. "ಎರಡೂ ಒಂದೇ ಥರ ಉರಿದ್ರೆ, ಬಂದಿದ್ದು ನಾನು ಅಂತ ಅಮ್ಮಂಗೆ ಗೊತ್ತಾಗಲ್ಲ."