ಅಮೀರಬಿ ಕೊಟ್ಟ ಗುಳಿಗೆ

ನವಲಗುಂದದ ಆ ಓಣಿಯಲ್ಲಿ ಅಮೀರಬಿಯ ಬಾಗಿಲಿಗೆ ಹೋಗಿ ಬರಿಗೈಲಿ ಮರಳಿದವರಿಲ್ಲ. ಜಮಖಾನೆ ನೇಯುವ ಹೆಂಗಸು. ಮಗ್ಗದ ಮುಂದೆ ಕೂತೇ ಅರ್ಧ ಓಣಿಯ ಸಂಸಾರ ನೋಡುತ್ತಿದ್ದಳು. ಹೆಪ್ಪಿಗೆ ಮೊಸರು, ಬಾಣಂತಿಗೆ ಹಳೆ ಸೀರೆ, ಜ್ವರಕ್ಕೆ ಗುಳಿಗೆ, ಏನು ಕೇಳಿದರೂ ಇಲ್ಲ ಅನ್ನಲು ಅವಳಿಗೆ ಬಾಯೇ ಬರುತ್ತಿರಲಿಲ್ಲ. ಆ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಬೇಕು.

ಬಾಜು ಮನೆಯ ತಾಯವ್ವನಿಗೆ ಹೃದಯದ ಸ್ನಾಯು ದಪ್ಪಗಾಗುವ ರೋಗ. ರಕ್ತ ಹೊರಬೀಳುವ ದಾರಿಯೇ ಇಕ್ಕಟ್ಟಾಗಿತ್ತು. ಅದೇ ರೋಗ ಮಗ ಸುದೀಪನಿಗೂ ಬಂದಿತ್ತು. ಇಬ್ಬರೂ ದಿನಾ ವೆರಪಾಮಿಲ್ ನುಂಗುತ್ತಿದ್ದರು. ಮೊನ್ನೆ ಅದು ತೀರಿತು. ಔಷಧಿ ಅಂಗಡಿಯಲ್ಲಿ ನಾಳೆ ಬರ್ರಿ ಎಂದರು. ಒಂದು ದಿನವೂ ತಪ್ಪಿಸಬಾರದೆಂದು ಡಾಕ್ಟರ ತಾಕೀತು. ಗಾಬರಿಯಾದ ತಾಯವ್ವ ಅಮೀರಬಿಯ ಹತ್ತಿರ ಬಂದಳು. ಅಮೀರಬಿಯ ಸೊಸೆ ಅತಿಯಾ ಮೊಬೈಲಿನಲ್ಲಿ ಹುಡುಕಿ, ಅತ್ತೆಯ ಬಿಪಿ ಗುಳಿಗೆಯೂ ವೆರಪಾಮಿಲ್‌ನಂತೆ ಕ್ಯಾಲ್ಸಿಯಂ ತಡೆಯುವ ಗುಂಪಿನದೇ ಎಂದಳು. ಮತ್ತಿನ್ನೇನು ಬೇಕು? ಅಮೀರಬಿ ತನ್ನ ಗುಳಿಗೆಯ ಪಟ್ಟಿಯಿಂದ ಒಂದನ್ನು ಕತ್ತರಿಸಿ ಕೊಟ್ಟಳು. ಆಮೇಲೆ ಟ್ರ್ಯಾಕ್ಟರ್ ಹತ್ತಿ ಹೊರಟಿದ್ದ ಸುದೀಪನನ್ನು ನಿಲ್ಲಿಸಿ ಅವನ ಕೈಗೂ ಒಂದನ್ನು ಹಾಕಿದಳು. ಅದು ತಾಯವ್ವನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ನಳದ ಹತ್ತಿರ ಕೊಡ ಎತ್ತುವಾಗ ತಾಯವ್ವ ಕುಸಿದಳು. ಆಟೋದಲ್ಲಿ ಆಸ್ಪತ್ರೆಗೆ ಒಯ್ದವಳೂ ಅಮೀರಬಿಯೇ. ಸಲೈನ್ ಏರಿದ ಮೇಲೆ ತಾಯವ್ವ ಕಣ್ಣು ಬಿಟ್ಟಳು. ಅವಳು ತೋರಿಸಿದ ಗುಳಿಗೆಯ ಖಾಲಿ ಪಟ್ಟಿ ನೋಡಿ, ಗುಂಪು ಒಂದೇ ಆದರೂ ಕೆಲಸ ಬೇರೆ ಎಂದು ಡಾಕ್ಟರು ರೇಗಿದರು. ವೆರಪಾಮಿಲ್ ಬಡಿತವನ್ನು ನಿಧಾನಗೊಳಿಸಿ ಸ್ನಾಯುವನ್ನು ಸಡಿಲಿಸುತ್ತದೆ. ಈ ಬಿಪಿ ಗುಳಿಗೆ ರಕ್ತನಾಳ ಹಿಗ್ಗಿಸಿ ಒತ್ತಡ ಇಳಿಸುತ್ತದೆ, ಇಂಥ ಹೃದಯದವರಿಗೆ ಜೀವಕ್ಕೇ ಕುತ್ತು. ಯಾರು ಕೊಟ್ಟದ್ದೆಂದು ಕೇಳಿದರು.

"ಯಾರೂ ಕೊಟ್ಟಿಲ್ರಿ. ನಾನ ತಿಳೀದ ತಗೊಂಡೆ," ಎಂದಳು ತಾಯವ್ವ.

ಅಮೀರಬಿ ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಸುದೀಪ ಬಿಸಿಲಲ್ಲಿ ಒಬ್ಬನೇ ಟ್ರ್ಯಾಕ್ಟರ್ ಮೇಲಿದ್ದ.

"ನಾನ ಕೊಟ್ಟೇನ್ರಿ," ಎಂದಳು. "ಈಕಿ ಮಗಗೂ ಒಂದ ಕೊಟ್ಟೇನಿ."

ತಾಯವ್ವ ಸಲೈನಿನ ಕೈಯನ್ನೂ ಮರೆತು ಏಳಹೋದಳು. ಅವಳು ನೋಡಿದ ನೋಟಕ್ಕೆ ಅಮೀರಬಿ ತಲೆ ತಗ್ಗಿಸಿದಳು. ಸುದೀಪನಿಗೆ ಫೋನು ಹಚ್ಚಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಸುದೀಪ ಎತ್ತಿ, ಗುಳಿಗೆ ಕಿಸೆಯಲ್ಲೇ ಉಳಿದಿದೆ, ಮರೆತೇಬಿಟ್ಟಿದ್ದೆ, ಈಗಲೇ ನುಂಗುತ್ತೇನೆ ಎಂದ.

"ಬ್ಯಾಡ ಮಗಾ. ಒಗದ ಬಿಡು."

ತಾನು ಕೊಟ್ಟದ್ದನ್ನು ಎಸೆಯೆಂದು ಅಮೀರಬಿ ಒಬ್ಬರನ್ನು ಬೇಡಿಕೊಂಡದ್ದು ಹುಟ್ಟಿದಾಗಿನಿಂದ ಅದೇ ಮೊದಲು.