ಬಲಗಡೆಯ ಎಸಳು, ಎಡಗಡೆಯ ಎಸಳು

ಮುಂಬಯಿಯ ಆಸ್ಪತ್ರೆಯಿಂದ ಫೋನು ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಕಾರವಾರದ ಕೋಡಿಬಾಗದ ನಮ್ಮ ಓಣಿಯಲ್ಲಿ ಆ ಸದ್ದು ನಮ್ಮ ಮನೆಯಿಂದ ಮಾತ್ರ ಬರುತ್ತದೆ. ಧಾರವಾಡದಿಂದ ಇಲ್ಲಿಗೆ ಬಂದ ಹೊಸದರಲ್ಲಿ ಆ ಸದ್ದಿಗೆ ಪಕ್ಕದ ಮನೆಯ ಶಾಂತಕ್ಕ ಓಡಿ ಬಂದಿದ್ದರು: “ಗ್ವಾಡೆ ಒಡೀತ್ರೇನೋ ಅಂದ್ಕಂಡೆ, ವೈನಿ. ಬಾಡಿಗೆ ಮನೆ ಅಲ್ದಾ.”

ಓಡಿ ಬಂದರು ಅನ್ನುವುದು ಸುಳ್ಳು. ಶಾಂತಕ್ಕನೂ ನನ್ನ ಹಾಗೇ ಭಾರೀ ಮೈಯವರು. ಇಬ್ಬರೂ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು ನಕ್ಕೆವು. ಈ ಊರಲ್ಲಿ ದೇವರು ಕೊಟ್ಟ ಮೊದಲ ಆಸರೆ ಅದು.

ನಮ್ಮವರಿಗೆ ನೌಕಾನೆಲೆಯ ಕಾಮಗಾರಿಯಲ್ಲಿ ನೌಕರಿ. ನಮ್ಮ ಕಡೆ ಬೆಳಿಗ್ಗೆ ಒಗೆದ ಸೀರೆ ಊಟದ ಹೊತ್ತಿಗೆ ಗರಿಗರಿ. ಇಲ್ಲಿ ಮರುದಿನವೂ ತಣ್ಣಗೆ. ಇಲ್ಲಿಯವರಿಗೆ ಬೆಳಿಗ್ಗೆ ‘ಪೇಜ್’ ಆಗಬೇಕು, ಅಂದರೆ ಕುಚ್ಚಲಕ್ಕಿ ಗಂಜಿ. “ಅದು ಜ್ವರ ಬಂದವರಿಗಲ್ಲೇನ್ರಿ?” ಎಂದು ಕೇಳಿ ಶಾಂತಕ್ಕನಿಂದ ಬೈಸಿಕೊಂಡಿದ್ದೇನೆ. ಮೊದಮೊದಲು ಮೀನಿನ ಬುಟ್ಟಿ ಬಂದರೆ ಕಿಟಕಿ ಮುಚ್ಚುತ್ತಿದ್ದೆ. ಈಗ ಶಾಂತಕ್ಕನ ಪರವಾಗಿ ನಾನೇ ಕೊಂಕಣಿಯಲ್ಲಿ ಚೌಕಾಶಿ ಮಾಡುತ್ತೇನೆ, ಮೂಗು ಮುಚ್ಚಿಕೊಂಡು.

ಮೈಯ ಭಾರಕ್ಕೆ ನಿದ್ದೆಯಲ್ಲಿ ನನ್ನ ಉಸಿರು ನಿಲ್ಲುತ್ತಿತ್ತು. ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ ಎಂದ ಕಾರವಾರದ ಡಾಕ್ಟರು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ತೂಕ ಇಳಿಸುವ ಬಗ್ಗೆ ನಡೆದಿದ್ದ ಸಂಶೋಧನೆಯ ಸುದ್ದಿ ಹೇಳಿದರು. ನನಗೆ ಹೆದರಿಕೆ. ಶಾಂತಕ್ಕ ತಮ್ಮ ತವರು ಭಾವಿಕೇರಿಗೆ ಕರೆದೊಯ್ದು ದೇವರಲ್ಲಿ ‘ಪ್ರಸಾದ’ ಕೇಳಿಸಿದರು. ದೇವರ ಎರಡೂ ಬದಿಗೆ ಒದ್ದೆ ಹೂವಿನ ಎಸಳು ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನಮ್ಮ ಕಡೆ ನಾನು ಇಂಥದ್ದು ಕಂಡಿರಲಿಲ್ಲ. ತಾವೂ ಸೇರಬಹುದೇ ಎಂದು ಶಾಂತಕ್ಕನೂ ಕೇಳಿದರು. ಇಬ್ಬರಿಗೂ ಬಲವೇ ಬಿತ್ತು. ಮುಂಬಯಿಗೆ ಹೋಗಿ ಇಬ್ಬರೂ ಹೆಸರು ಕೊಟ್ಟೆವು, ಫೋನ್ ನಂಬರು ಮಾತ್ರ ಇಬ್ಬರಿಗೂ ನನ್ನದೇ.

ಅಲ್ಲಿ ಹೇಳಿದ್ದು ಹೀಗೆ: ಕೆಲವರಿಗೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್, ಉಳಿದವರಿಗೆ ಔಷಧ, ಪಥ್ಯ. ಎರಡರಲ್ಲಿ ಯಾವುದು ಮೇಲು ಎಂದು ನೋಡುವುದೇ ಸಂಶೋಧನೆ. ಯಾರಿಗೆ ಯಾವುದು ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಹೇಳುತ್ತದೆ, ಡಾಕ್ಟರು ಆರಿಸುವಂತಿಲ್ಲ.

“ಇಷ್ಟು ದೊಡ್ಡ ಡಾಕ್ಟರು, ಆರಿಸಲಿಕ್ಕೆ ಬರೂದಿಲ್ಲೇನು?” ಎಂದು ನಮ್ಮವರು ಗೊಣಗಿದರು.

“ಪ್ರಸಾದ ಕೇಳ್ದಂಗೇ ಅಲ್ದಾ,” ಎಂದರು ಶಾಂತಕ್ಕ. “ಪೂಜಾರಿನೇ ಎಸಳು ಕಿತ್ತು ಕೊಟ್ರೆ ಅದು ದೇವ್ರ ಮಾತು ಹ್ಯಾಂಗೆ ಆಗ್ತದೆ?”

ಊರಿಗೆ ಬಂದು ದಿನಾ ದೀಪ ಹಚ್ಚಿ ಬೇಡಿಕೊಂಡೆ: ಇಬ್ಬರಿಗೂ ಆಪರೇಷನ್ನೇ ಬರಲಿ. ಇನ್ನೊಂದು ಚಿಂತೆ ಬಾಯಿಬಿಟ್ಟು ಹೇಳಿರಲಿಲ್ಲ. ಅವ್ವನಿಗೆ ಮೊಣಕಾಲು ನೋವು, ಪ್ರಯಾಣ ಆಗದು. ಈ ಪರ ಊರಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರು?

ಅಂದು ಫೋನಿನಲ್ಲಿ ಹೇಳಿದರು: ನನಗೆ ಆಪರೇಷನ್, ಶಾಂತಕ್ಕನಿಗೆ ಔಷಧ. ಹಿಟ್ಟಿನ ಕೈಯಲ್ಲೇ ಅವರ ಮನೆಗೆ ಹೋದೆ.

“ಮೋರೆ ಎಂತಕೆ ಹಿಂಗೆ? ಎಡ ಬಿತ್ತಾ ನಿಮ್ದು?”

“ಬಲ. ನಿಮ್ಮದು...”

ಶಾಂತಕ್ಕ ಸ್ವಲ್ಪ ಹೊತ್ತು ಕೈಯಲ್ಲಿದ್ದ ಬಸಳೆ ಸೊಪ್ಪನ್ನೇ ನೋಡುತ್ತಿದ್ದರು. ಆಮೇಲೆ, “ಅಡ್ಡಿಲ್ಲ,” ಎಂದರು. “ಇಬ್ರಿಗೂ ಕೊಯ್ದಿದ್ರೆ ನಿಮ್ಗೆ ಪೇಜ್ ಕಾಸೂರು ಯಾರು? ಆಪರೇಷನ್ ಆದ್ಮೇಲೆ ನೀರು, ತಿಳಿ ಗಂಜಿ ಅಷ್ಟೇ ಅಂದಾರೆ ಅವ್ರು. ನಾ ಬತ್ತೆ ಮುಂಬೈಗೆ. ನಿಮ್ಗಿಂತ ಮೊದ್ಲು ನಾನೇ ಸಪೂರ ಆದ್ರೆ ಆ ಕಂಪ್ಯೂಟರಿಗೆ ನಾಚ್ಕೆ ಆಗೂದು.”

ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ನಾನು ಬೇಡಿದ್ದನ್ನು ದೇವರು ಹಾಗೇ ಕೊಟ್ಟಿದ್ದರೆ ಇಬ್ಬರೂ ಒಟ್ಟಿಗೆ ಹಾಸಿಗೆ ಹಿಡಿಯುತ್ತಿದ್ದೆವು. ಆದರೂ ಆ ಬಸಳೆಯ ಕಡೆಗಿನ ನೋಟ ನನ್ನೊಳಗೆ ಉಳಿದಿದೆ.

ಮನೆಗೆ ಬಂದು ಅವ್ವನಿಗೆ ಫೋನು ಹಚ್ಚಿದೆ. “ಬಾಣಂತನಕ್ಕ ಬಂದಂಗ ಇಲ್ಲಿಗೇ ಬಾರವ್ವ,” ಅಂದಳು. ಇಲ್ಲೇ ಪೇಜ್ ಸಿಗತೈತಿ ಎಂದೆ. ಅನ್ನುವಾಗಲೇ ರೊಟ್ಟಿ ನೆನೆದು ಬಾಯಲ್ಲಿ ನೀರೂರಿತು. ಇನ್ನು ಎಷ್ಟು ದಿನ ನನಗೆ ರೊಟ್ಟಿ ಇಲ್ಲವೋ.

ಹಿಟ್ಟು ಒಣಗಿ ಬಿರಿದಿತ್ತು. ಶಾಂತಕ್ಕನ ಪಥ್ಯಕ್ಕೆ ಜೋಳ ಆಗುತ್ತದಂತೆ. ಬಿಸಿನೀರು ಚಿಮುಕಿಸಿ ಮತ್ತೆ ನಾದಿ, ಅವರ ಪಾಲಿನ ರೊಟ್ಟಿ ಮೊದಲು ಬಡಿಯತೊಡಗಿದೆ.